ಒಡೆಯುವ ಕಲ್ಲಿಗೆ ಎಷ್ಟು ಇಟ್ಟಿದ್ದೀ?

ನನ್ನ ಪಪ್ಪ ಮುರಕಲ್ಲಿನ ಮೇಸ್ತ್ರಿ. ಕಾಸರಗೋಡಿನ ಹತ್ತಿರದ ನಮ್ಮೂರು ಬೇಳದ ಸುತ್ತಮುತ್ತ ಯಾವ ಮನೆ ತೋರಿಸಿದರೂ ಎಷ್ಟು ಕಲ್ಲು ಹೋಗಿದೆ ಅಂತ ನಿಂತಲ್ಲೇ ಹೇಳುತ್ತಾರೆ. ಕಿವಿಯ ಹಿಂದಿನ ಪೆನ್ಸಿಲ್ ಕೂಡ ತೆಗೆಯುವುದಿಲ್ಲ. ನಾನು ಕನ್ನಡ ಎಂ.ಎ. ಮಾಡಿದವಳು. ಲೆಕ್ಕ ಅಂದರೆ ಆಗದು.

ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುವ ನೆಟ್ ಪರೀಕ್ಷೆಯಲ್ಲಿ ಕಳೆದ ಸಲ ಫೇಲಾದೆ. ಆ ಸಂಜೆ ತೇರ್ಸ್ ಮುಗಿಸಿ ಎಲ್ಲರೂ ಹಿರಿಯರಿಗೆ ಕೈಮುಗಿದು ಬೆಸಾಂವ್ ಕೇಳುವ ಹೊತ್ತು. ಅಜ್ಜಿಯ ಎದುರು ನಿಂತು "ದೇವರ ಚಿತ್ತ" ಅಂದೆ. ಅಜ್ಜಿ ಹಣೆಗೆ ಶಿಲುಬೆ ಗುರುತು ಹಾಕಿದರು. "ಬೆಳಿಗ್ಗೆ ಎಂಟರವರೆಗೆ ಮಲಗಿದ್ದು ಯಾರ ಚಿತ್ತ?" ಅಂತ ಕೇಳಿದರು.

(ತೇರ್ಸ್ ಅಂದರೆ ಜಪಮಾಲೆ, ಬೆಸಾಂವ್ ಅಂದರೆ ಆಶೀರ್ವಾದ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳ. ಸರಕಾರ ಕೇರಳದ್ದು, ನಮ್ಮ ಬಿಷಪರು ಮಂಗಳೂರಿನವರು. ಕಾಸರಗೋಡಿನವರಿಗೆ ಇದೇನು ದೊಡ್ಡ ವಿಷಯ ಅಲ್ಲ.)

ಅಜ್ಜಿ ಹೇಳಿದ್ದು ಸರಿಯೇ. ಒಂಬತ್ತು ಗುರುವಾರ ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗಿ ಬಂದಿದ್ದೆ. ಹೋದದ್ದು ತಪ್ಪಲ್ಲ. ಆದರೆ ಮೊದಲ ಪತ್ರಿಕೆಯ ಪುಸ್ತಕವನ್ನು ಅಷ್ಟು ಸಲವೂ ತೆರೆದಿರಲಿಲ್ಲ. ನೆಟ್‌ನಲ್ಲಿ ಒಟ್ಟು 150 ಪ್ರಶ್ನೆ, 300 ಅಂಕ, ಮೂರು ಗಂಟೆ. ನಮ್ಮ ವಿಷಯದ್ದು 100 ಪ್ರಶ್ನೆ. ಉಳಿದ 50, ಅಂದರೆ ಮೊದಲ ಪತ್ರಿಕೆ, ಎಲ್ಲರಿಗೂ ಒಂದೇ: ಬೋಧನೆ, ಸಂಶೋಧನೆ, ತರ್ಕ, ಅಂಕಿಅಂಶ ಅಂತ ಹತ್ತು ಘಟಕ, ಒಂದೊಂದರಿಂದ ಐದೈದು. ಪಂಪ ರನ್ನರು ಕೈಹಿಡಿದು ದಾಟಿಸುತ್ತಾರೆ ಅಂದುಕೊಂಡಿದ್ದೆ. ಪೈ ಚಾರ್ಟ್ ಬಂದಾಗ ಇಬ್ಬರೂ ಪತ್ತೆ ಇಲ್ಲ.

ಮುಂದೆ ಒಂದು ಆದಿತ್ಯವಾರದ ಪೂಜೆಯಲ್ಲಿ ಲೂಕನ ಸುವಾರ್ತೆಯ 14ನೇ ಅಧ್ಯಾಯ ಓದಿದರು. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಅಡಿಪಾಯಕ್ಕೇ ನಿಂತು ಜನ ನಗುತ್ತಾರೆ ಎಂಬ ಮಾತು. ಅದು ಪರೀಕ್ಷೆಯ ವಿಷಯ ಅಲ್ಲ, ಗೊತ್ತು. ತನ್ನ ಹಿಂದೆ ಬರುವವರಿಗೆ ಯೇಸು ಎಲ್ಲವನ್ನೂ ಬಿಡಬೇಕಾದೀತು ಅಂತ ಎಚ್ಚರಿಸಿದ್ದು. ಆದರೂ ನನ್ನ ಕಣ್ಣು ಗಂಡಸರ ಸಾಲಿನಲ್ಲಿದ್ದ ಪಪ್ಪನ ಕಡೆಗೇ ಹೋಯಿತು. ಇಗರ್ಜಿಯಿಂದ (ಚರ್ಚಿನಿಂದ) ಮನೆಗೆ ಬರುವ ದಾರಿಯಲ್ಲಿ ಅಂಥದ್ದೊಂದು ಮನೆಯೂ ಇದೆ. ಗಲ್ಫಿನ ದುಡ್ಡು ನಿಂತಿತು, ಮನೆ ಲಿಂಟಲ್‌ಗೇ ನಿಂತಿತು. ಕಂಬಿಗೆ ತುಕ್ಕು ಹಿಡಿದಿದೆ, ಒಳಗೆ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಬೆಳೆದಿದೆ. ಪಪ್ಪ ಅದನ್ನು ನೋಡಿ ಯಾವತ್ತೂ ನಕ್ಕಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ, "ಮನೆ ಕಟ್ಟಿಸಲು ಬಂದವರ ಹತ್ತಿರ ನೀವು ಮೊದಲು ಏನು ಕೇಳುತ್ತೀರಿ?"

"ಯಾರೆಲ್ಲ ಇರೋದು ಅಂತ. ಕಲ್ಲಿನ ಲೆಕ್ಕ ಆಮೇಲೆ."

ಅನ್ನ ಕಲಸುತ್ತಿದ್ದ ಕೈ ನಿಂತಿತು. ನೆಟ್ ಯಾಕೆ ಅಂತ ಯಾರಾದರೂ ಕೇಳಿದರೆ ಕೆಲಸ, ಸಂಬಳ ಅನ್ನುತ್ತಿದ್ದೆ. ಸುಳ್ಳಲ್ಲ. ಆದರೆ ನನ್ನ ಮನೆಯಲ್ಲಿ ಯಾರು ಇರುವುದು?

ಯೋಚಿಸಿದಾಗ ನೆನಪಾದದ್ದು ವಿದ್ಯಾನಗರದ ಕಾಲೇಜಿನ ಒಂದು ತರಗತಿ. ಯೇಸುವಿನ ಪಾಡನ್ನು ನಾನು ಚಿಕ್ಕಂದಿನಿಂದ ಕೊಂಕಣಿಯಲ್ಲಿ ಕೇಳಿದವಳು. ಕನ್ನಡದಲ್ಲಿ ಮೊದಲು ಓದಿದ್ದು ಅಲ್ಲಿ, ಗೋವಿಂದ ಪೈಗಳ 'ಗೊಲ್ಗೊಥಾ'. ಮಂಜೇಶ್ವರದಲ್ಲಿ ಕೂತು, ಕ್ರೈಸ್ತರೇ ಅಲ್ಲದ ಒಬ್ಬರು, ಯೇಸುವಿನ ಕೊನೆಯ ದಿನವನ್ನು ಕಾವ್ಯ ಮಾಡಿದ್ದಾರೆ! ಮದರಾಸಿನಲ್ಲಿ ಬಿ.ಎ. ಓದುತ್ತಿದ್ದ ಪೈಗಳು ಪದವಿ ಮುಗಿಸದೆಯೇ ಊರಿಗೆ ಬಂದವರು. 1949ರಲ್ಲಿ ಅದೇ ಮದರಾಸಿನ ಸರಕಾರ ಅವರನ್ನು ರಾಷ್ಟ್ರಕವಿ ಅಂದಿತು. ಆ ದಿನ ಕ್ಲಾಸಿನಲ್ಲಿ ಕ್ರೈಸ್ತಳು ನಾನೊಬ್ಬಳೇ. ಪಕ್ಕದವಳು ಮೆಲ್ಲ ನನ್ನ ಕೈ ಹಿಡಿದಿದ್ದಳು. ಅಂಥ ತರಗತಿಯಲ್ಲಿ, ಹಲಗೆಯ ಕಡೆಯಲ್ಲಿ ನಾನು ನಿಲ್ಲಬೇಕು. ಬೇರೆ ಊರಲ್ಲಿ ಅಲ್ಲ, ಇಲ್ಲಿಯೇ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆ.

ಎರಡನೇ ಪುಟದಲ್ಲಿ ಲೆಕ್ಕ. ಇಪ್ಪತ್ತು ವಾರ. ಆದಿತ್ಯವಾರ ಬಿಟ್ಟು ದಿನಕ್ಕೆ ನಾಲ್ಕು ಗಂಟೆ. ಒಟ್ಟು 480. ಜಂಬದಿಂದ ಪಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿ ಮೇಲಿಂದ ಕೆಳಗೆ ಓದಿದರು.

"ಒಡೆಯುವ ಕಲ್ಲಿಗೆ ಎಷ್ಟು ಇಟ್ಟಿದ್ದೀ?"

ಲಾರಿಯಿಂದ ಇಳಿಸುವಾಗಲೇ ಕೆಲವು ಒಡೆಯುತ್ತವಂತೆ. ಕೆತ್ತುವಾಗ ಇನ್ನು ಕೆಲವು. ಗೋಡೆಗೆ ಬೇಕಾದಷ್ಟೇ ತರಿಸಿದವನ ಗೋಡೆ ಮುಗಿಯುವುದಿಲ್ಲ. ನಾನು ಒಂದು ಕಲ್ಲನ್ನೂ ಜಾಸ್ತಿ ಇಟ್ಟಿರಲಿಲ್ಲ. ದೇವರ ಮೇಲೆ ಭರವಸೆ ಅಂದುಕೊಂಡಿದ್ದೆ, ಅದು ಸುಮ್ನೆ ಅಹಂಕಾರ.

ಮತ್ತೆ ಕೂತು ಒಡೆಯುವ ದಿನಗಳನ್ನು ಪಟ್ಟಿ ಮಾಡಿದೆ. ಮಳೆಗೆ ಕರೆಂಟ್ ಹೋಗುವುದು. ಅಜ್ಜಿಯ ಬಿ.ಪಿ. ತೋರಿಸಲು ಬದಿಯಡ್ಕಕ್ಕೆ ಹೋಗುವುದು. ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಮಾತೆ ಮರಿಯಳ ಹುಟ್ಟುಹಬ್ಬ), ಅದಕ್ಕೆ ಮೊದಲು ಒಂಬತ್ತು ದಿನ ಮಾತೆಗೆ ಹೂ ಹಾಕಲು ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗುವುದು, ಹಬ್ಬದ ದಿನ ಹೊಸ ತೆನೆಯ ಊಟ. 480 ಇದ್ದದ್ದು 390ಕ್ಕೆ ಇಳಿಯಿತು. ಅದರಲ್ಲಿ 120 ಮೊದಲ ಪತ್ರಿಕೆಗೆ. ಬೆಳಿಗ್ಗೆ ಐದಕ್ಕೆ ಏಳುವುದು, ಪೈ ಚಾರ್ಟ್ ಆ ಹೊತ್ತಿಗೇ. ಹಾಗೆ ಏಳಲು ಶುರುಮಾಡಿ ಈಗ ಆರು ವಾರ ಆಯಿತು. ಎರಡು ದಿನ ತಪ್ಪಿದೆ, ಬರೆದಿಟ್ಟಿದ್ದೇನೆ.

ಆ ಪಟ್ಟಿಯನ್ನೂ ಪಪ್ಪ ನೋಡಿದರು. ಬೆರಳು ಕೊನೆಯ ಸಾಲಿನಲ್ಲಿ ನಿಂತಿತು. "ತೇರ್ಸ್, ದಿನಾ ಅರ್ಧ ಗಂಟೆ" ಅಂತ ನಾನೇ ಬರೆದಿದ್ದೆ.

"ತೇರ್ಸ್ ಒಡೆದ ಕಲ್ಲಾ?" ಅಂದರು. ನಗು ತಡೆಯುತ್ತಿದ್ದರು. "ಅಜ್ಜಿಗೆ ತೋರಿಸಬೇಡ ಮಾರಾಯ್ತಿ."

ಅಳಿಸಿದ್ದೇನೆ. ಯಾವ ಪುಟಕ್ಕೆ ಹಾಕುವುದು ಅಂತ ಇನ್ನೂ ಗೊತ್ತಾಗಿಲ್ಲ.