ಕೊಡಗಿನ ಚಳಿಯಲ್ಲಿ ಕಂಪ್ಯೂಟರ್‌ಗೆ ಸೆಕೆ

ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಜುಲೈ ತಿಂಗಳಲ್ಲಿ ಇಲ್ಲಿ ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅಂಥ ಹೊತ್ತಲ್ಲಿ ಕಂಪ್ಯೂಟರ್ ಬಿಸಿಯಾಗಿ ಆಫ್ ಆಗ್ತಿದೆ ಅಂದರೆ ಯಾರು ನಂಬುತ್ತಾರೆ? ನಾನೂ ನಂಬಲಿಲ್ಲ. ಅದಕ್ಕೇ ಮೂರು ವಾರ ಒದ್ದಾಡಿದೆ.

ತಂದವರು ಪಾಲಿಬೆಟ್ಟ ಕಡೆಯ ಒಂದು ಕಾಫಿ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು. ತೋಟದ ಲೆಕ್ಕ, ಆಳುಗಳ ಚೆಕ್‌ರೋಲ್ (ಹಾಜರಿ, ಕೂಲಿಯ ಪಟ್ಟಿ) ಎಲ್ಲ ಅದರೊಳಗೇ. ಶನಿವಾರ ಬಟವಾಡೆ. "ಶುಕ್ರವಾರ ಸಂಜೆ ಪ್ರಿಂಟ್ ತೆಗೆಯೋಕೆ ಕೂತ್ರೆ ತಟ್ ಅಂತ ಆಫ್ ಆಗುತ್ತೆ ಮಾರಾಯ. ಕೂಡಲೇ ಹಾಕಿದ್ರೆ ಐದು ನಿಮಿಷಕ್ಕೆ ಮತ್ತೆ ಆಫ್. ಒಂದು ಕಾಫಿ ಕುಡಿದು ಬಂದು ಹಾಕಿದ್ರೆ ಸ್ವಲ್ಪ ಹೊತ್ತು ನಡೆಯುತ್ತೆ" ಅಂದರು.

ನೋಡಿ, ರೋಗ ಏನು ಅಂತ ಅವರು ಅಲ್ಲೇ ಹೇಳಿಬಿಟ್ಟಿದ್ದರು. ನಾನು ತಲೆ ಆಡಿಸಿ ಚೀಟಿಯಲ್ಲಿ "ಆಟೋ ಆಫ್" ಅಂತ ಬರೆದುಕೊಂಡೆ. ಅಷ್ಟೇ.

ಡಬ್ಬ ಬಿಚ್ಚಿದೆ. (ನಮ್ಮ ಕಡೆ ಇಡೀ ಡಬ್ಬಕ್ಕೇ ಸಿಪಿಯು ಅನ್ನುತ್ತಾರೆ. ತಿದ್ದಲು ಹೋಗುವುದನ್ನು ನಾನು ಬಿಟ್ಟು ಬಹಳ ವರ್ಷ ಆಯಿತು.) ಪ್ರೊಸೆಸರ್‌ನ ಬಿಸಿ ಹೀರಿಕೊಳ್ಳುವ ಲೋಹದ ತುಂಡು, ಹೀಟ್ ಸಿಂಕ್, ಅದರ ರೆಕ್ಕೆಗಳ ಮೇಲೆ ಧೂಳು ಕಂಬಳಿ ಹಾಗೆ ಹೆಪ್ಪುಗಟ್ಟಿತ್ತು. ಫ್ಯಾನ್ ಗಾಳಿ ಬೀಸುತ್ತಿತ್ತು, ಆದರೆ ಆ ಗಾಳಿ ಕೆಳಗೆ ಇಳಿಯುತ್ತಿರಲಿಲ್ಲ. ಬ್ಲೋವರ್ ಹಿಡಿದೆ. ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದೇ ಊದಬೇಕು. ಇಲ್ಲವಾದರೆ ಅದು ಗಿರ್ರನೆ ಸುತ್ತಿ ಬೇರಿಂಗ್ ಹಾಳಾಗುತ್ತೆ. ಹೀಟ್ ಸಿಂಕ್ ತೆಗೆದರೆ ಪ್ರೊಸೆಸರ್‌ನ ಬಿಸಿಯನ್ನು ಹೀಟ್ ಸಿಂಕ್‌ಗೆ ದಾಟಿಸುವ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿತ್ತು. ಒರೆಸಿ, ಹೊಸ ಪೇಸ್ಟ್ ಒಂದು ಕರಿಮೆಣಸಿನ ಕಾಳಿನಷ್ಟು ಇಟ್ಟು, ನಾಲ್ಕು ಪಿನ್‌ಗಳನ್ನೂ ಟಕ್ ಅನ್ನುವವರೆಗೆ ಒತ್ತಿದೆ. ಈ ಪುಶ್ ಪಿನ್‌ಗಳನ್ನು ಮೇಲಿನಿಂದ ನೋಡಿ ನಂಬಬಾರದು. ಬೋರ್ಡ್‌ನ ಹಿಂದೆ ಬೆಳಕು ಬಿಟ್ಟು, ನಾಲ್ಕೂ ತುದಿ ಹೊರಗೆ ಬಂದಿವೆಯಾ ನೋಡಬೇಕು. ಒಂದು ಪಿನ್ ಸಡಿಲ ಇದ್ದರೂ ಹೀಟ್ ಸಿಂಕ್ ಒಂದು ಕಡೆ ವಾಲುತ್ತೆ. ಪೇಸ್ಟ್ ಎಷ್ಟು ಒಳ್ಳೆಯದಿದ್ದರೂ ಆಗ ದಂಡ.

ಆಮೇಲೆ ಎರಡು ದಿನ ಮೇಜಿನ ಮೇಲೆ ಓಡಿಸಿದೆ. ಪೂರ್ತಿ ಲೋಡ್ ಕೊಟ್ಟರೂ 58 ಡಿಗ್ರಿ. ಒಮ್ಮೆಯೂ ಆಫ್ ಆಗಲಿಲ್ಲ. ಕೊಟ್ಟು ಕಳಿಸಿದೆ.

ಮುಂದಿನ ಶುಕ್ರವಾರ ರೈಟರ್ ಫೋನು. ಮತ್ತೆ ಅದೇ.

ಈ ಸಲ ನಾನು ಜಾಣನಾದೆ. ಕಂಪ್ಯೂಟರ್‌ನಲ್ಲಿ ಆದದ್ದೆಲ್ಲ ದಾಖಲಾಗುವ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದರೆ ಸಾಲಾಗಿ ಕರ್ನಲ್-ಪವರ್ 41 ಅನ್ನುವ ದಾಖಲೆ. ಹೆಸರಿನಲ್ಲೇ ಪವರ್ ಇದೆಯಲ್ಲ! ಬಿಸಿಯ ವಿಷಯ ಹೋದ ಸಲವೇ ಮುಗಿಸಿದ್ದೆ ಅಂತ ಧೈರ್ಯ ಬೇರೆ. ಮಳೆಗಾಲ, ಲೈನ್ ಮೇಲೆ ಮರ ಬೀಳುವ ಕಾಲ, ವೋಲ್ಟೇಜ್ ಏರಿಳಿತದಲ್ಲಿ ಎಸ್‌ಎಂಪಿಎಸ್ (ಡಬ್ಬದೊಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸುಸ್ತಾಗಿದೆ ಅಂತ ಲೆಕ್ಕ ಹಾಕಿ ಹೊಸದು ಹಾಕಿದೆ. ಬಿಲ್ಲೂ ಮಾಡಿದೆ. ನಿಜಕ್ಕೆ 41 ಹೇಳುವುದು ಇಷ್ಟೇ: ಹೋದ ಸಲ ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ಮತ್ತೆ ಶುರುವಾಗಿದೆ. ಕರೆಂಟ್ ಹೋಗಿರಬಹುದು, ಹ್ಯಾಂಗ್ ಆಗಿರಬಹುದು, ಬಿಸಿಗೆ ಬೋರ್ಡೇ ಕರೆಂಟ್ ಕಡಿದಿರಬಹುದು. ಯಾಕೆ ಅಂತ ಅದು ಹೇಳುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಓದಿಕೊಂಡೆ.

ಮೂರನೇ ಶುಕ್ರವಾರ ಫೋನ್ ಬಂದಾಗ, ಡಬ್ಬ ತರಬೇಡಿ, ನಾನೇ ಬರ್ತೇನೆ ಅಂದೆ.

ತೋಟದ ಆಫೀಸಿಗೆ ಹೋದರೆ ಟೇಬಲ್ ಮೇಲೆ ಮಾನಿಟರ್ ಇದೆ, ಕೀಬೋರ್ಡ್ ಇದೆ, ಡಬ್ಬ ಇಲ್ಲ. ಪಕ್ಕದಲ್ಲಿ ಬೀಟೆ ಮರದ ಹಳೇ ಬೀರು. ವಯರುಗಳು ಅದರ ಹಿಂದಿನ ತೂತಿನಿಂದ ಒಳಗೆ ಹೋಗಿವೆ. ಬಾಗಿಲು ಎಳೆದೆ. ಮುಖಕ್ಕೆ ಬೆಚ್ಚನೆ ಗಾಳಿ ರಪ್ಪನೆ ಹೊಡೆಯಿತು, ಅನ್ನದ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಕೆಳಗಿನ ಅರೆಯಲ್ಲಿ ಡಬ್ಬ. ಮೇಲಿನ ಅರೆಯಲ್ಲಿ ಹಳೇ ರಿಜಿಸ್ಟರುಗಳು. ನಡುವೆ ಒಂದು 60 ವ್ಯಾಟ್‌ನ ಬಲ್ಬು ಕೆಂಪಗೆ ಉರಿಯುತ್ತಿದೆ.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಬಟ್ಟೆ ಬೀರುವಿನಲ್ಲಿ ಬಲ್ಬ್ ಹಾಕದಿದ್ದರೆ ಕೋಟು, ಸೀರೆ, ಬೆಲ್ಟು ಎಲ್ಲಕ್ಕೂ ಬೂಷ್ಟು. ತೋಟದ ಆಂಟಿ ಕಂಪ್ಯೂಟರ್‌ಗೂ ಅದೇ ಆರೈಕೆ ಮಾಡಿದ್ದರು. "ಎಲ್‌ಇಡಿ ಹಾಕಿದ್ರೆ ಬಿಸಿ ಬರೋದಿಲ್ಲ ಅಲ್ವಾ? ಹುಡುಕಿ ಹುಡುಕಿ ಹಳೇ ಬಲ್ಬೇ ತರಿಸಿದ್ದು" ಅಂದರು, ಸ್ವಲ್ಪ ಹೆಮ್ಮೆಯಿಂದಲೇ.

ಆಗ ರೈಟರ್ ಒಂದು ನೋಟ್‌ಬುಕ್ ತೆಗೆದರು. ತೋಟದಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆದಿಡುತ್ತಾರೆ. ಅದರ ಪಕ್ಕದಲ್ಲೇ ಇವರು ಕಂಪ್ಯೂಟರ್ ಆಫ್ ಆದ ಹೊತ್ತನ್ನೂ ಗುರುತು ಹಾಕಿದ್ದರು. ರೈಟರ್ ಅಲ್ವಾ, ಬರೆಯದೆ ಇರುತ್ತಾರಾ? 40 ಸೆಂಟು ಮಳೆ ಬಂದ ದಿನ ಒಂದು ಗುರುತೂ ಇಲ್ಲ. 3 ಇಂಚು 20 ಸೆಂಟು ಬಂದ ದಿನ ನಾಲ್ಕು ಸಲ ಆಫ್. ಮೊದಲ ಸಲ 35 ನಿಮಿಷಕ್ಕೆ, ಆಮೇಲೆ 9, ಆಮೇಲೆ 5, ಆಮೇಲೆ 4. ಈ ಪುಟ ಎರಡನೇ ವಾರ ನನ್ನ ಕೈಗೆ ಸಿಕ್ಕಿದ್ದರೆ ಮಳೆಗೂ ವೋಲ್ಟೇಜ್‌ಗೂ ಗಂಟು ಹಾಕಿ ಯುಪಿಎಸ್ಸನ್ನೂ ಬದಲಿಸುತ್ತಿದ್ದೆನೋ ಏನೋ. ಮಳೆ ಜೋರಾದ ದಿನ ಬೀರುವಿನ ಬಾಗಿಲು ಮುಚ್ಚುತ್ತಿದ್ದರು, ಬಲ್ಬ್ ಉರಿಯುತ್ತಿತ್ತು. ವಿಷಯ ಅಷ್ಟೇ. ನಿಮಿಷಗಳು ಹಾಗೆ ಇಳಿಯುತ್ತಾ ಹೋದರೆ ನಾನು ಈಗ ಮೊದಲು ಬಿಸಿಯನ್ನೇ ಅನುಮಾನಿಸುತ್ತೇನೆ. ಪೂರ್ತಿ ಆರಲು ಬಿಡದೆ ಮತ್ತೆ ಹಾಕಿದಾಗ ಉಳಿದ ಬಿಸಿಯಿಂದಲೇ ಏರಲು ಶುರು ಮಾಡುತ್ತೆ.

ನನ್ನ ಮೇಜಿನ ಮೇಲೆ ಯಾಕೆ ಆಫ್ ಆಗಲಿಲ್ಲ ಅಂತ ಈಗ ಗೊತ್ತಾಯಿತಲ್ಲ? ಪಕ್ಕದ ತಗಡು ಬಿಚ್ಚಿಟ್ಟು, ತಣ್ಣನೆ ಗಾಳಿಯಲ್ಲಿ ನೋಡಿದ್ದೆ.

ಅಲ್ಲೇ ಕೂತು ಬಿಸಿ ಎಷ್ಟಿದೆ ಅಂತ ತೋರಿಸುವ ಎಚ್‌ಡಬ್ಲ್ಯೂ ಮಾನಿಟರ್ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಬಾಗಿಲು ತೆರೆದು ಬಲ್ಬ್ ಆರಿಸಿದರೆ 61. ಬಾಗಿಲು ಮುಚ್ಚಿ ಬಲ್ಬ್ ಹಾಕಿದರೆ 70, 76, 81, ಫ್ಯಾನ್ ಕೂಗಲು ಶುರು. 84 ನೋಡಿದ್ದೇ ಕೊನೆ, ಮಾನಿಟರ್ ಕಪ್ಪಾಯಿತು. ಬಯೋಸ್‌ಗೆ (ಬೋರ್ಡ್‌ನದೇ ಸೆಟ್ಟಿಂಗ್‌ಗಳಿರುವ ಕಡೆಗೆ) ಹೋಗಿ ನೋಡಿದರೆ ಶಟ್‌ಡೌನ್ ಟೆಂಪರೇಚರ್ 85ಕ್ಕೆ ಇಟ್ಟಿತ್ತು. "ಅದನ್ನೇ ತೆಗೆದುಬಿಡಿ" ಅಂದರು ರೈಟರ್. ಆಗುವುದಿಲ್ಲ ಅಂದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಹಳಷ್ಟು 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ತಗ್ಗಿಸುತ್ತವೆ, ಇನ್ನೂ ಏರಿದರೆ ತಾವೇ ನಿಲ್ಲುತ್ತವೆ. ಹಾಗಾಗಿ ಪ್ರೊಸೆಸರ್ ಉಳಿದೀತು. ಅದೇ ಬಿಸಿಯಲ್ಲಿ ಬೇಯುವ ಹಾರ್ಡ್ ಡಿಸ್ಕ್‌ಗೆ, ಬೋರ್ಡ್‌ನ ಕೆಪಾಸಿಟರ್‌ಗಳಿಗೆ ಆ ಭಾಗ್ಯ ಇಲ್ಲ. ಚೆಕ್‌ರೋಲ್ ಇರುವುದು ಆ ಡಿಸ್ಕ್‌ನಲ್ಲೇ.

ಆಂಟಿಯ ಭಯವೂ ಸುಳ್ಳಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಮುಟ್ಟದೆ ಇಟ್ಟ ಕಂಪ್ಯೂಟರ್‌ಗೆ ತೇವ ಹಿಡಿದು, ರ್‍ಯಾಮ್ ಕಾಲು ಹಸಿರಾಗಿ ಬಂದದ್ದನ್ನು ನಾನೇ ನೋಡಿದ್ದೇನೆ. ಅದಕ್ಕೇ ಬಲ್ಬ್ ತೆಗೆಯಿರಿ ಅಂತ ಹೇಳಲಿಲ್ಲ. ಕಂಪ್ಯೂಟರ್ ಆನ್ ಇದ್ದಾಗ ಬಲ್ಬ್ ಆಫ್, ಬಾಗಿಲು ತೆರೆದೇ ಇರಲಿ, ಅದರ ಬಿಸಿ ಅದಕ್ಕೇ ಸಾಕು ಅಂದೆ. ಕೆಲಸ ಮುಗಿದು ಡಬ್ಬ ಆರಿದ ಮೇಲೆ ಬೇಕಾದರೆ ಬಲ್ಬ್ ಹಾಕಿಕೊಳ್ಳಲಿ, ಅದೂ ಕಾಗದ, ವಯರಿನಿಂದ ದೂರ. ಬೀರುವಿನ ಹಿಂದಿನ ಹಲಗೆಯನ್ನೂ ಬಡಗಿಯ ಕೈಲಿ ತೆಗೆಸಿದರು.

ಹೊಸ ಎಸ್‌ಎಂಪಿಎಸ್ ಬಿಚ್ಚಿಕೊಂಡು, ಹಳೆಯದನ್ನೇ ಹಾಕಿ, ದುಡ್ಡು ವಾಪಸ್ ಕೊಟ್ಟೆ. ಆಂಟಿ ಎಣಿಸಿ ತೆಗೆದುಕೊಂಡರು.

ಈಗ ಬಿಸಿ ಅಂತ ಬಂದ ಡಬ್ಬಕ್ಕೆ ಎರಡೂ ತಗಡು ಹಾಕಿ, ಸ್ಕ್ರೂ ಬಿಗಿದು, ಒಂದು ಗಂಟೆ ಲೋಡ್ ಕೊಟ್ಟ ಮೇಲೆಯೇ ಮಾತು. ಚೀಟಿಯಲ್ಲಿ "ಆಟೋ ಆಫ್" ಬರೆಯುವ ಜಾಗದಲ್ಲಿ ಎಷ್ಟು ನಿಮಿಷಕ್ಕೆ, ಕೂಡಲೇ ಹಾಕಿದರೆ ಎಷ್ಟು ನಿಮಿಷಕ್ಕೆ ಅಂತ ಕೇಳಿ ಬರೆಯುತ್ತೇನೆ. ಜೊತೆಗೆ ಕಂಪ್ಯೂಟರ್ ಮನೆಯಲ್ಲಿ ಎಲ್ಲಿ ಕೂತಿದೆ ಅಂತ ಒಂದು ಫೋಟೋ ವಾಟ್ಸಾಪ್ ಮಾಡಿಸುತ್ತೇನೆ. ಮೊನ್ನೆ ಸೋಮವಾರಪೇಟೆ ಕಡೆಯಿಂದ ಒಂದು ಬಂತು. ಎಷ್ಟು ದೊಡ್ಡದು ಮಾಡಿ ನೋಡಿದರೂ ಡಬ್ಬ ಕಾಣಲಿಲ್ಲ. ಕಂಬಳಿ ಮಾತ್ರ ಕಾಣಿಸಿತು.