ಪಟ್ಟಿ ಮುಚ್ಚಿದ್ದು ಯಾವಾಗ?

ನಮ್ಮ ಪಕ್ಷ ಮೊದಲ ಸಲ ಸದಸ್ಯರ ಮತದಿಂದ ಅಭ್ಯರ್ಥಿಯನ್ನು ಆರಿಸಿದ ದಿನ ನನಗೆ ಸಿಕ್ಕಿದ್ದು ಬಾಗಿಲ ಹತ್ತಿರದ ಮೇಜು. ಬಂದವರ ಹೆಸರು ಪಟ್ಟಿಯಲ್ಲಿದೆಯಾ ನೋಡಿ, ಸಹಿ ಹಾಕಿಸಿಕೊಂಡು, ಮತಚೀಟಿ ಕೊಡಬೇಕು. ಅಲ್ಲಿಯವರೆಗೂ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ಹೇಳುತ್ತಿತ್ತು, ನಾವು ಜೈಕಾರ ಹಾಕುತ್ತಿದ್ದೆವು. ಹಾಗಾಗಿ ಎಲ್ಲರಲ್ಲೂ ಹುರುಪಿತ್ತು.

ಪಟ್ಟಿಯ ಕೊನೆಯ ಹಾಳೆಗಳಿಗೆ ಬಂದಾಗ ಅನುಮಾನ ಶುರುವಾಯಿತು. ಸಾಲು ಸಾಲು ಹೆಸರುಗಳ ಮುಂದೆ ಒಂದೇ ಮೊಬೈಲ್ ನಂಬರ್. ಸದಸ್ಯತ್ವದ ತಾರೀಖೂ ಒಂದೇ, ಅದೂ ಮತದಾನ ನಡೆಸುತ್ತೇವೆ ಅಂತ ಪ್ರಕಟಿಸಿದ ನಂತರದ್ದು. ಅವರೆಲ್ಲ ಒಟ್ಟಿಗೇ ಬಂದರು. ಒಬ್ಬರನ್ನು "ಯಾವ ಘಟಕ?" ಅಂತ ಕೇಳಿದೆ. ಹಿಂದೆ ನಿಂತಿದ್ದವನು ಉತ್ತರ ಕೊಟ್ಟ.

ವೀಕ್ಷಕರಿಗೆ ತೋರಿಸಿದೆ. "ಹೆಸರಿದೆ ತಾನೆ? ಚೀಟಿ ಕೊಡಿ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹೊಸ ಹೆಸರು ಸೇರಿಸೋದನ್ನು ನಿಲ್ಲಿಸಿ ಪಟ್ಟಿ ಯಾವತ್ತು ಮುಚ್ಚಬೇಕು ಅನ್ನೋ ನಿಯಮವೇ ಇರಲಿಲ್ಲ! ಎಣಿಕೆ ಮಾತ್ರ ಬಲು ಚೊಕ್ಕ. ಎಲ್ಲರ ಎದುರೇ ಪೆಟ್ಟಿಗೆ ತೆರೆದರು, ಒಂದು ಚೀಟಿಯೂ ಆಚೀಚೆ ಆಗಲಿಲ್ಲ. ಸೋತ ಮಹಿಳೆ ಪಟ್ಟಿಯ ಪ್ರತಿ ಕೇಳಿದರು, ಕೊಡಲಿಲ್ಲ. ಗೆದ್ದವರ ಕೈಗೆ ಅದು ಮೊದಲೇ ಸೇರಿತ್ತು ಅನ್ನೋದು ಅಲ್ಲಿದ್ದ ಎಲ್ಲರಿಗೂ ಗೊತ್ತು.

ತಾರೀಖಿನ ಆಟ ಹೊಸದಲ್ಲ. ಅಮೆರಿಕದ ಡೆಮಾಕ್ರಟಿಕ್ ಪಕ್ಷ 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಅವರನ್ನು ಅಧ್ಯಕ್ಷ ಹುದ್ದೆಗೆ ನಿಲ್ಲಿಸಿತು. ಅವರು ಒಂದು ಪ್ರೈಮರಿಯಲ್ಲೂ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ರಾಜ್ಯಗಳಲ್ಲಿ ಮತದಾರರು ಹೇಳುವ ಚುನಾವಣೆಯಲ್ಲಿ, ಸ್ಪರ್ಧಿಸಿರಲಿಲ್ಲ. ಗಲಾಟೆಯಾದ ಮೇಲೆ ಆಯ್ಕೆಯ ನಿಯಮ ಸುಧಾರಿಸಲು ಪಕ್ಷವೇ ನೇಮಿಸಿದ ಮೆಕ್‌ಗವರ್ನ್-ಫ್ರೇಸರ್ ಆಯೋಗ ಲೆಕ್ಕ ಹಾಕಿದರೆ, ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಜನರ ಆಯ್ಕೆ 1968 ಶುರುವಾಗುವ ಮೊದಲೇ ಹೆಚ್ಚುಕಡಿಮೆ ಮುಗಿದಿತ್ತು. ಕಣದಲ್ಲಿ ಯಾರಿರುತ್ತಾರೆ ಅಂತಲೇ ಗೊತ್ತಿಲ್ಲದ ಹೊತ್ತಿನಲ್ಲಿ! ಅಲ್ಲಿ ಬಾಗಿಲು ತೀರಾ ಬೇಗ ಮುಚ್ಚಿತ್ತು, ನಮ್ಮಲ್ಲಿ ಮುಚ್ಚಲೇ ಇಲ್ಲ. ಆಯ್ಕೆ ಚುನಾವಣೆಯ ವರ್ಷದಲ್ಲೇ ನಡೆಯಬೇಕು, ನಿಯಮಗಳು ಬರಹದಲ್ಲಿರಬೇಕು ಅಂತ ಆಯೋಗ ಹೇಳಿತು.

ನಾನು ಸಮಿತಿ ಸಭೆಯಲ್ಲಿ ಇದನ್ನೇ ಎತ್ತಿದೆ. ಆರು ತಿಂಗಳ ಮೊದಲು ಪಟ್ಟಿ ಮುಚ್ಚಲಿ, ಆಕಾಂಕ್ಷಿಗಳಿಗೆಲ್ಲ ಒಂದೇ ದಿನ ಪ್ರತಿ ಸಿಗಲಿ. "ಹಾಗಾದ್ರೆ ಹೊಸಬರು ಬರೋದೇ ಬೇಡ್ವಾ?" ಅಂತ ಒಬ್ಬರು ಕೇಳಿದರು. ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಮನಸಾರೆ ಸೇರಿದವರೂ ಸುಮ್ನೆ ಕಾಯಬೇಕಾಗುತ್ತದೆ, ಅಲ್ವಾ? ಮೂರು ತಿಂಗಳಿಗೆ ಇಳಿದೆ. ಕೊನೆಗೆ ಪ್ರತಿ ಕೊಡಲು ಒಪ್ಪಿದರು. ಖರ್ಚಿಲ್ಲದ್ದು ಅದೇ ನೋಡಿ. ತಾರೀಖಿನ ವಿಷಯ ಮುಂದಿನ ಸಭೆಗೆ ಹೋಯಿತು. ಸದಸ್ಯತ್ವದ ರಸೀದಿ ಪುಸ್ತಕ ಬೇಕು ಅಂತ ಕಚೇರಿಗೆ ಬರುವವರು ಈಗಲೇ ಜಾಸ್ತಿಯಾಗಿದ್ದಾರೆ.