ಕಾಲಿನ ಉರಿ ತಾನಾಗಿ ನಿಂತರೆ ಹೆದರಬೇಕು

"ಇರಿವಿ ಹರದಂಗ ಆಗ್ತದ್ರಿ." "ಅರಳಿ (ಹತ್ತಿ) ಮ್ಯಾಲ ಕಾಲಿಟ್ಟಂಗ ಆಗ್ತದ್ರಿ." "ಚಪ್ಪಲಿ ಕಳಚಿ ಬಿದ್ದದ್ದೇ ಗೊತ್ತಾಗಲಿಲ್ರಿ." ಶುಗರ್ ಇರುವವರ ಬಾಯಲ್ಲಿ ಕಲಬುರಗಿ ಕಡೆ ದಿನಾ ಕೇಳುವ ಮಾತುಗಳಿವು. ಮೂರೂ ಒಂದೇ ಕಾಯಿಲೆ: ಶುಗರಿನಿಂದ ಕಾಲಿನ ನರ ಕೆಡುವುದು. ಮೊದಲನೆಯದರಲ್ಲಿ ನರ ಕೆರಳಿದೆ, ಎರಡನೆಯದರಲ್ಲಿ ಸೋತಿದೆ, ಮೂರನೆಯದರಲ್ಲಿ ಸುದ್ದಿ ಕಳಿಸುವುದನ್ನೇ ಬಿಟ್ಟಿದೆ. ಉರಿಯಿದ್ದವರು ರಾತ್ರಿ ನಿದ್ದೆ ಬರದೆ ದವಾಖಾನೆಗೆ ಓಡಿ ಬರುತ್ತಾರೆ. ಚಪ್ಪಲಿ ಕಳಚಿದ್ದು ತಿಳಿಯದವರು ಬರುವುದೇ ಇಲ್ಲ, ಏಕೆಂದರೆ ಅವರಿಗೆ ನೋವಿಲ್ಲ. ಕೊನೆಗೆ ಬೆರಳು, ಪಾದ ಕಳೆದುಕೊಳ್ಳುವ ಅಪಾಯ ಹೆಚ್ಚಿರುವುದು ಮಾತ್ರ ಇವರಿಗೇ. ವರ್ಷಗಟ್ಟಲೆ ಇದ್ದ ಉರಿ ಏನೂ ಮಾಡದೆ ತಾನಾಗಿ ನಿಂತರೆ "ಆರಾಮಾಯ್ತು" ಅನ್ನುತ್ತಾರೆ. ಆ ಪಾದದಲ್ಲಿ ಸ್ಪರ್ಶ ಉಳಿದಿದೆಯೇ ಎಂದು ಮೊದಲು ನೋಡಬೇಕು. ಉರಿಯೇ ಇಲ್ಲದೆ ನೇರವಾಗಿ ಮರಗಟ್ಟುವ ಪಾದಗಳೂ ಬಹಳ.

ಬೆರಳ ತುದಿಯಿಂದಲೇ ಯಾಕೆ ಶುರುವಾಗುತ್ತದೆ? ಸೊಂಟದಿಂದ ಹೆಬ್ಬೆರಳಿನವರೆಗೆ ಹೋಗುವ ನರ ಹತ್ತಿರ ಹತ್ತಿರ 1 ಮೀಟರ್ ಉದ್ದ. ಹೆಚ್ಚಿದ ಸಕ್ಕರೆ ನರದ ಎಳೆಯನ್ನೂ ಅದಕ್ಕೆ ರಕ್ತ ಕೊಡುವ ಕೂದಲೆಳೆಯಂಥ ನಾಳಗಳನ್ನೂ ಕೆಡಿಸುತ್ತದೆ. ಅತಿ ಉದ್ದದ ನರ ಮೊದಲು ಸೋಲುತ್ತದೆ, ಕಾಲುವೆಯ ಕೊನೆಯ ಹೊಲಕ್ಕೆ ಮೊದಲು ನೀರು ತಪ್ಪಿದ ಹಾಗೆ. ಹಾಗಾಗಿ ತೊಂದರೆ ಎರಡೂ ಪಾದಗಳಲ್ಲಿ ಸಮನಾಗಿ ಶುರುವಾಗಿ ಕಾಲುಚೀಲ ಏರಿಸಿದಂತೆ ಮೇಲೇರುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಿನ ತುದಿಯೂ ಜೋಮು ಹಿಡಿಯುತ್ತದೆ. ಈ ಕ್ರಮ ತಪ್ಪಿದರೆ ಎಲ್ಲವನ್ನೂ ಶುಗರಿನ ತಲೆಗೆ ಕಟ್ಟಬಾರದು. ಒಂದೇ ಕಾಲು, ಕೈಯಿಂದಲೇ ಶುರು, ಕೆಲವೇ ವಾರಗಳಲ್ಲಿ ಕಾಲಿನ ಶಕ್ತಿ ಇಳಿಯುವುದು, ಬೆನ್ನಿನಿಂದ ಒಂದು ಕಾಲಿಗೆ ಹೊಡೆಯುವ ನೋವು: ಇವಕ್ಕೆ ಬೇರೆ ಕಾರಣ ಹುಡುಕಬೇಕು. ಕುಡಿತ, ಥೈರಾಯ್ಡ್, ಮೂತ್ರಪಿಂಡದ ತೊಂದರೆ, ಟಿಬಿಗೆ ಕೊಡುವ ಐಸೊನಿಯಾಜಿಡ್ ಗುಳಿಗೆ ಕೂಡ ಇದೇ ರೀತಿ ನರ ಕೆಡಿಸುತ್ತವೆ. ಮೈಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಕಂಡರೆ ಕುಷ್ಠರೋಗದ ಪರೀಕ್ಷೆಯಾಗಲೇಬೇಕು. ಅದಕ್ಕೆ ಸರ್ಕಾರಿ ದವಾಖಾನೆಯಲ್ಲಿ ಔಷಧಿ ಪುಕ್ಕಟೆ, ಪೂರ್ತಿ ವಾಸಿಯೂ ಆಗುತ್ತದೆ.

ಸ್ಪರ್ಶ ಉಳಿದಿದೆಯೇ ಎಂದು ಮನೆಯಲ್ಲೇ ಎರಡು ನಿಮಿಷದಲ್ಲಿ ನೋಡಬಹುದು. ಶುಗರ್ ಇದ್ದವರು ಕಾಲು ಚಾಚಿ ಮಲಗಿ ಕಣ್ಣು ಮುಚ್ಚಲಿ. ಮನೆಯವರು ತೋರುಬೆರಳ ತುದಿಯಿಂದ ಮೊದಲು ಬಲಗಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿ, ಆಮೇಲೆ ಎಡಗಾಲಿನ ಅವೇ ಮೂರು ಬೆರಳು ಮುಟ್ಟಬೇಕು. ಹಕ್ಕಿಯ ಪುಕ್ಕ ತಾಗಿದಷ್ಟು ಹಗುರ, ಒಂದೆರಡು ಸೆಕೆಂಡು ಮಾತ್ರ. ಒತ್ತಬಾರದು, ಸವರಬಾರದು, "ಈಗ ಗೊತ್ತಾಯ್ತಾ?" ಎಂದು ಕೇಳಲೂಬಾರದು. ಮುಟ್ಟಿದ್ದು ತಿಳಿದಾಗ ಅವರೇ "ಬಲಕ್ಕೆ", "ಎಡಕ್ಕೆ" ಅನ್ನಲಿ. ತಪ್ಪಾಗುವುದು ಸಾಮಾನ್ಯವಾಗಿ ಇಲ್ಲೇ: ಉತ್ತರ ಬರಲಿಲ್ಲವೆಂದು ಇನ್ನಷ್ಟು ಒತ್ತಿ ಮುಟ್ಟುತ್ತಾರೆ. ಒತ್ತಡವನ್ನು ಬೇರೆ ನರಗಳು ತಿಳಿಸುವುದರಿಂದ ಕೆಟ್ಟ ಪಾದವೂ ಪಾಸಾಗಿಬಿಡುತ್ತದೆ. ಒಂದು ಬೆರಳಿಗೆ ಒಂದೇ ಅವಕಾಶ. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಪಾದಗಳು ಅಪಾಯದ ಪಟ್ಟಿಗೆ ಸೇರಿದವು.

ದವಾಖಾನೆಯಲ್ಲಿ ಇದನ್ನೇ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ (ಮೊನೊಫಿಲಮೆಂಟ್) ಮತ್ತು 128 ಹರ್ಟ್ಜ್‌ನ ಕಂಪನ ಕವೆಯಿಂದ (ಟ್ಯೂನಿಂಗ್ ಫೋರ್ಕ್) ನೋಡುತ್ತಾರೆ, ಪಾದದ ನಾಡಿಯನ್ನೂ ಹಿಡಿಯುತ್ತಾರೆ. ಟೈಪ್ 2 ಇದ್ದವರಿಗೆ ಕಾಯಿಲೆ ಗೊತ್ತಾದ ದಿನವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಇದು ಆಗಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ದೊಡ್ಡ ದವಾಖಾನೆಗೆ ಹೋದಾಗ "ಪಾದ ನೋಡ್ರಿ" ಎಂದು ಕೇಳಿ, ಬೂಟು ಬಿಚ್ಚಿಯೇ ಕೂರಿ. ಬಿಚ್ಚದ ಕಾಲನ್ನು ಗದ್ದಲದ ಒಪಿಡಿಯಲ್ಲಿ ಯಾರೂ ನೋಡುವುದಿಲ್ಲ.

ಈಗ ಉರಿಯ ಮಾತು. ಸಕ್ಕರೆ ಹಿಡಿತಕ್ಕೆ ಬಾರದೆ ನರದ ಕೆಡುಕು ನಿಲ್ಲದು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಬಹಳ ಜನರಿಗೆ 7ರೊಳಗೆ, ವಯಸ್ಸಾಗಿ ಬೇರೆ ಕಾಯಿಲೆಗಳಿದ್ದವರಿಗೆ 8ರ ಆಸುಪಾಸು ಇದ್ದರೆ ಸಾಕು. ಆದರೆ 12, 13 ಇದ್ದದ್ದನ್ನು ಮೂರೇ ತಿಂಗಳಲ್ಲಿ ಸರ್ರನೆ ಇಳಿಸಿದರೆ ಕೆಲವರಿಗೆ ಉರಿ ಒಮ್ಮೆಲೆ ಭಯಂಕರವಾಗುತ್ತದೆ. ಇನ್ಸುಲಿನ್ನಿನಿಂದ ಕಾಲು ಕೆಟ್ಟಿತೆಂದು ಅದನ್ನು ಬಿಡಬೇಡಿ. ಈ ನೋವು ತಿಂಗಳುಗಳಲ್ಲಿ ಇಳಿಯುತ್ತದೆ. ಇಳಿಸುವ ವೇಗ ಎಷ್ಟಿರಬೇಕೆಂದು ಡಾಕ್ಟರ ಹತ್ತಿರ ಮಾತಾಡಿ, ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ.

ಡೈಕ್ಲೊಫೆನಾಕ್‌ನಂಥ ಮೈಕೈ ನೋವಿನ ಗುಳಿಗೆ ನರದ ನೋವಿಗೆ ನಾಟುವುದಿಲ್ಲ; ದಿನಾ ನುಂಗಿದರೆ ಮೊದಲೇ ಸೋತ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು. ಕೆಲಸ ಮಾಡುವ ಔಷಧಿಗಳು ಬೇರೆ, ಡಾಕ್ಟರ ಚೀಟಿಯಿಂದಲೇ ಶುರುವಾಗಬೇಕು. ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಮಲಗುವುದಕ್ಕೆ ಒಂದೆರಡು ತಾಸು ಮೊದಲು. ಅಗ್ಗದ್ದು, ನಿದ್ದೆಯನ್ನೂ ಕೊಡುತ್ತದೆ, ಬಾಯಿ ಒಣಗಿಸುತ್ತದೆ. ಪ್ರಾಸ್ಟೇಟ್ ಉಬ್ಬಿ ಮೂತ್ರ ಕಟ್ಟುವವರಿಗೆ, ಹೃದಯದ ಲಯ ತಪ್ಪುವವರಿಗೆ, ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇರುವವರಿಗೆ ಹೊಂದುವುದಿಲ್ಲ. ಡುಲೊಕ್ಸೆಟಿನ್ 30 ಮಿಲಿಗ್ರಾಂ ಊಟದ ನಂತರ, ಒಂದೆರಡು ವಾರ ಕಳೆದು 60. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಅಷ್ಟಕ್ಕೇ ಬಿಡಬಾರದು. ಲಿವರ್ ಕೆಟ್ಟವರಿಗೆ, ಮೂತ್ರಪಿಂಡ ತೀರಾ ಸೋತವರಿಗೆ ಇದು ಬೇಡ. ಪ್ರೆಗಾಬಾಲಿನ್ ರಾತ್ರಿ 50 ಅಥವಾ 75 ಮಿಲಿಗ್ರಾಂನಿಂದ ಶುರುವಾಗಿ, ಬೇಕಾದರೆ ದಿನಕ್ಕೆ 300ರವರೆಗೆ ಏರುತ್ತದೆ. ಮೂತ್ರಪಿಂಡದ ಶಕ್ತಿ ಕಡಿಮೆಯಿದ್ದರೆ ಅರ್ಧ ಅಥವಾ ಅದಕ್ಕೂ ಕಡಿಮೆ. ತಲೆ ತಿರುಗುತ್ತದೆ, ಪಾದ ಬಾಯುತ್ತದೆ. ಶುಗರಿಗೆ ಪಯೊಗ್ಲಿಟಾಜೋನ್ ಕೂಡ ನಡೆಯುತ್ತಿದ್ದರೆ ಬಾವು ಇಮ್ಮಡಿ, ಡಾಕ್ಟರಿಗೆ ಎರಡೂ ಚೀಟಿ ತೋರಿಸಿ.

ಈ ಔಷಧಿಗಳು ಸೋಲುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ನಾಲ್ಕು ದಿನ ನುಂಗಿ "ನಾಟಲಿಲ್ಲ" ಎಂದು ಬಿಡುವುದು. ಸರಿಯಾದ ಪ್ರಮಾಣಕ್ಕೆ ಬಂದ ಮೇಲೆ 4ರಿಂದ 6 ವಾರ ಕೊಟ್ಟು ನೋಡಬೇಕು. ಎರಡು, ನೋವು ಸೊನ್ನೆಯಾಗಲೆಂದು ಕಾಯುವುದು. ಅರ್ಧಕ್ಕೆ ಇಳಿದು ನಿದ್ದೆ ಬಂದರೆ ಅದು ಗೆಲುವೇ. ದಿನಾ ಮುಂಜಾನೆ ಕ್ಯಾಲೆಂಡರಿನ ಮೇಲೆ ನಿನ್ನೆ ರಾತ್ರಿಯ ನೋವಿಗೆ 0ಯಿಂದ 10ರೊಳಗೆ ಒಂದು ಅಂಕಿ ಬರೆಯಿರಿ. "ಸ್ವಲ್ಪ ಕಡಿಮಿ ಅದ" ಅನ್ನುವುದಕ್ಕಿಂತ "8 ಇದ್ದದ್ದು 5 ಆಗ್ಯಾದ" ಅನ್ನುವುದರಿಂದ ಡಾಕ್ಟರಿಗೆ ಮುಂದಿನ ದಾರಿ ಸಿಗುತ್ತದೆ. ಮತ್ತೆ, ಇವನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಬೆವರು, ತಳಮಳ, ನಿದ್ದೆಗೇಡು ಶುರುವಾಗುತ್ತದೆ. ವಾರಗಟ್ಟಲೆ ಇಳಿಸುತ್ತಾ ಬಿಡಬೇಕು.

ನಮ್ಮ ಕಡೆ ಎಲ್ಲದಕ್ಕೂ "ನರದ ಸೂಜಿ" ಒಂದಿದೆ. ಹೆಚ್ಚಾಗಿ ಅದು ಬಿ12. ಬಿ12 ಕಡಿಮೆ ಇದ್ದವರಿಗೆ ಅದು ನಿಜಕ್ಕೂ ಔಷಧಿ, ಇಲ್ಲದವರಿಗೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಅದರಲ್ಲೂ ಮಾಂಸ, ತತ್ತಿ ಮುಟ್ಟದ ಮನೆಗಳಲ್ಲಿ, ಬಿ12 ಇಳಿದಿರುವುದು ಅಪರೂಪವಲ್ಲ. ರಕ್ತ ಪರೀಕ್ಷೆಯಲ್ಲಿ (ಪಿಕೊಗ್ರಾಂ/ಮಿಲಿಲೀಟರ್ ಲೆಕ್ಕದಲ್ಲಿ) 200ಕ್ಕಿಂತ ಕೆಳಗಿದ್ದರೆ ಕೊರತೆ, 200–300ರ ನಡುವೆ ಇದ್ದರೆ ಅನುಮಾನ. ಒಂದು ಎಚ್ಚರ: ರಕ್ತ ಕೊಡುವುದು ಮೊದಲು, ಸೂಜಿ ಆಮೇಲೆ. ಸೂಜಿ ಹಾಕಿಸಿಕೊಂಡು ಪರೀಕ್ಷೆ ಮಾಡಿಸಿದರೆ ಅಂಕಿ ಮೇಲೇರಿ ನಿಜ ಮುಚ್ಚಿಹೋಗುತ್ತದೆ. ಬಿ6 ಹೆಚ್ಚಿರುವ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಅದೇ ನರ ಕೆಡಿಸುತ್ತದೆ, ಪಾಕೀಟಿನ ಹಿಂದೆ ಓದಿಕೊಳ್ಳಿ.

ರಾತ್ರಿ ಹೊದಿಕೆ ತಾಗಿದರೂ ಚುರುಕ್ಕೆನ್ನುವವರು ಹಾಸಿಗೆಯ ಕಾಲ್ದೆಸೆಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಅದರ ಮೇಲೆ ಚಾದರ ಹಾಯಿಸಿ, ಪಾದ ಅದರೊಳಗೆ ಬಿಡುವಾಗಿರಲಿ. ತಣ್ಣನೆ ಒದ್ದೆ ಬಟ್ಟೆ ಐದು ನಿಮಿಷ ಹಾಕಬಹುದು. ಬರ್ಫ ಬೇಡ. ಕಾಸಿದ ಇಟ್ಟಿಗೆಯ ಶಾಖ, ಸುಡುನೀರಿನ ಬಕೀಟು, ಬಿಸಿ ಮಾಡಿ ಕಟ್ಟುವ ಎಕ್ಕದ ಎಲೆ, ಇವು ಮೂರೂ ಬೇಡವೇ ಬೇಡ. ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ. ರಾತ್ರಿಯಿಡೀ ಕಟ್ಟಿ ಬೆಳಿಗ್ಗೆ ಬಿಚ್ಚಿದರೆ ಬೊಬ್ಬೆ ಎದ್ದಿರುತ್ತದೆ, ಸ್ಪರ್ಶವಿಲ್ಲದ ಕಾಲಿಗೆ ಅದರ ಸುಳಿವೂ ಸಿಕ್ಕಿರುವುದಿಲ್ಲ. ಜಳಕದ ನೀರಿನ ಬಿಸಿಯನ್ನು ಪಾದದಿಂದ ಅಳೆಯಬೇಡಿ, ಮೊಣಕೈಯಿಂದ ಅಳೆಯಿರಿ ಅಥವಾ ಮನೆಯವರಿಗೆ ಹೇಳಿ.

ಬೇಸಿಗೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನಮ್ಮ ಅಂಗಳದ, ಮಾಳಿಗೆಯ ಶಹಾಬಾದ್ ಫರ್ಸಿ 50 ಡಿಗ್ರಿ ದಾಟುತ್ತದೆ. ನರ ಚೆನ್ನಾಗಿರುವವನು ಎರಡೇ ಹೆಜ್ಜೆಗೆ ಕುಣಿದು ನೆರಳಿಗೆ ಓಡುತ್ತಾನೆ. ಮರಗಟ್ಟಿದ ಕಾಲಿನವನು ಹಪ್ಪಳ ಒಣಹಾಕಿ, ನಿಂತು ಮಾತಾಡಿ, ನಿಧಾನಕ್ಕೆ ಇಳಿದು ಬರುತ್ತಾನೆ. ಅಂಗಾಲಿನ ಬೊಬ್ಬೆ ಸಂಜೆಗೆ ಕಾಣುತ್ತದೆ. ಬಸ್ಸಿನಲ್ಲಿ ಇಂಜಿನ್ ಬಾನೆಟ್ಟಿಗೆ ಕಾಲು ತಾಗಿಸಿ ಕೂತು ಊರು ಮುಟ್ಟಿದರೂ ಇದೇ ಗತಿ. ಹೋಳಿ ಮುಗಿದ ಮೇಲೆ ಬರುವ ಶರಣಬಸವೇಶ್ವರರ ಜಾತ್ರೆಗೆ, ಗಾಣಗಾಪುರದ ಪ್ರದಕ್ಷಿಣೆಗೆ ಬರಿಗಾಲಲ್ಲಿ ಹೋಗುವ ಭಕ್ತಿಗೆ ಅಡ್ಡ ಬರುವುದು ನಮ್ಮ ಉದ್ದೇಶವಲ್ಲ. ಬಿಸಿಲೇರುವ ಮೊದಲು ಹೋಗಿ, ದಪ್ಪ ಹತ್ತಿಯ ಕಾಲುಚೀಲ ಹಾಕಿ, ಮನೆಗೆ ಬಂದ ಕೂಡಲೇ ಅಂಗಾಲು ನೋಡಿಕೊಳ್ಳಿ. ಬೀದರಿನ ಝರಣಿ ನರಸಿಂಹನಂಥ ಕಡೆ ನೀರಿನಲ್ಲೇ ನಡೆಯಬೇಕು. ಪಾದದಲ್ಲಿ ಸಣ್ಣ ಗಾಯವಿದ್ದರೂ ನೀರಿಗಿಳಿಯಬೇಡಿ, ಗಾಯವಿಲ್ಲದೆ ಇಳಿದವರು ಹೊರಬಂದು ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ. ಮಾಳಿಗೆಯ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ ಅಂಚು ಹಾಸಿಗೆಯಡಿ ಸಿಕ್ಕಿಸಿ. ಮರಗಟ್ಟಿದ ಬೆರಳನ್ನು ಇಲಿ ಕಚ್ಚಿದರೂ ಎಚ್ಚರವಾಗುವುದಿಲ್ಲ.

ಹವಾಯಿ ಚಪ್ಪಲಿ ಈ ಕಾಲಿಗೆ ಶತ್ರು. ಹಿಡಿದಿಡಲು ಬೆರಳಿಗೆ ಶಕ್ತಿಯಿಲ್ಲ, ಪಟ್ಟಿ ಸಂದಿಯನ್ನು ಕೊರೆಯುತ್ತದೆ. ತೊಗರಿ ಕೊಯ್ದ ಹೊಲದಲ್ಲಿ ಓರೆಯಾಗಿ ಉಳಿದ ಕೂಳೆಯೂ ಜಾಲಿಮುಳ್ಳೂ ಅದರ ಅಟ್ಟೆ ತೂರಿ ಬರುತ್ತವೆ. ಹಿಮ್ಮಡಿಗೆ ಪಟ್ಟಿಯಿರುವ, ಮುಂದೆ ಅಗಲವಾದ, ಒಳಗೆ ಎಂಸಿಆರ್ ಎಂಬ ಮೆತ್ತನೆ ರಬ್ಬರು, ಕೆಳಗೆ ಗಟ್ಟಿ ಅಟ್ಟೆ ಇರುವ ಚಪ್ಪಲಿ ಬೇಕು. ಹೊಲಕ್ಕೆ ಮುಚ್ಚಿದ ಬೂಟು. ಕೊಳ್ಳಲು ಸಂಜೆ ಹೋಗಿ, ಆಗ ಪಾದ ಸ್ವಲ್ಪ ಬಾತಿರುತ್ತದೆ. ಉದ್ದದ ಬೆರಳಿನ ಮುಂದೆ 1 ಸೆಂಟಿಮೀಟರ್ ಜಾಗವಿರಲಿ. ರಟ್ಟಿನ ಮೇಲೆ ಪಾದವಿಟ್ಟು ಗೆರೆ ಎಳೆದು ಕತ್ತರಿಸಿ ಒಯ್ಯಿರಿ. ಅದು ಮಡಚದೆ ಒಳಗೆ ಕೂತರೆ ಅಳತೆ ಸರಿ. "ಬಿಗಿ ಇದ್ರ ಚಲೋ" ಅನಿಸುವುದು ಸ್ಪರ್ಶ ಕಳೆದ ಕಾಲಿನ ಮೋಸ. ಹೊಸದನ್ನು ಮೊದಲ ದಿನ ಅರ್ಧ ತಾಸು ಮಾತ್ರ ಹಾಕಿ, ಬಿಚ್ಚಿ, ಕೆಂಪು ಗುರುತು ಬಿದ್ದಿದೆಯೇ ನೋಡಿ.

ದಿನಾ ಸಂಜೆ ಕಾಲು ತೊಳೆದ ಮೇಲೆ ಬೆಳಕಿನಲ್ಲಿ ಕೂತು ಪಾದ ನೋಡಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅದರ ಮೇಲೆ ಪಾದ ಹಿಡಿಯಿರಿ. ಕಣ್ಣು ಮಂಜಾಗಿದ್ದರೆ ಮಗಳೋ ಮೊಮ್ಮಗನೋ ನೋಡಲಿ. ಬೆವರಿನ ನರವೂ ಸತ್ತಿರುವುದರಿಂದ ಹಿಮ್ಮಡಿ ಒಣಗಿ, ಎರಿ ಹೊಲ ಬಿರಿದಂತೆ ಬಿರಿಯುತ್ತದೆ. ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ, ಅಲ್ಲಿ ಹಸಿ ನಿಂತು ಬೂಷ್ಟು ಹಿಡಿಯುತ್ತದೆ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಕಾರ್ನ್ ಪಟ್ಟಿ ಅಂಟಿಸಬೇಡಿ. ಅದರ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಆಣಿಯ ಕೆಳಗೆ ಕಪ್ಪು ರಕ್ತದ ಚುಕ್ಕೆ ಕಂಡರೆ ಒಳಗೆ ಗಾಯ ಶುರುವಾಗಿದೆ ಎಂದೇ ತಿಳಿಯಿರಿ.

ಗಾಯ ಕಂಡರೆ ಸಲೈನ್ ಅಥವಾ ಕುದಿಸಿ ಆರಿಸಿದ ನೀರಿನಿಂದ ತೊಳೆದು ಒಣ ಗಾಜ್ ಬಟ್ಟೆಯಿಂದ (ಬ್ಯಾಂಡೇಜ್ ಬಟ್ಟೆ) ಮುಚ್ಚಿ, ಅರಿಶಿನ, ಸುಣ್ಣ, ತಂಬಾಕಿನ ಬೂದಿ ಏನೂ ಬೇಡ. ಆ ಕಾಲಿನ ಮೇಲೆ ಭಾರ ಬಿಡುವುದನ್ನು ನಿಲ್ಲಿಸಿ 24 ತಾಸಿನೊಳಗೆ ತೋರಿಸಿ. ಕೀವು, ವಾಸನೆ, ಜ್ವರ, ಹಬ್ಬುವ ಕೆಂಪು ಇದ್ದರೆ ಅದೇ ದಿನ. ನೋವಿಲ್ಲವೆಂದು ಆ ಗಾಯದ ಮೇಲೇ ನಡೆಯುವುದರಿಂದಲೇ ಅದು ಮಾಯುವುದಿಲ್ಲ, ಎಷ್ಟು ದುಬಾರಿ ಮುಲಾಮು ಹಚ್ಚಿದರೂ.

ಕೊನೆಯದಾಗಿ, ಬಹಳ ಕಡೆ ತಪ್ಪಿಹೋಗುವ ಒಂದು ಸಂಗತಿ. ಗಾಯವೇ ಇಲ್ಲ, ಒಂದು ಪಾದ ಮಾತ್ರ ಬಾತು ಕೆಂಪಾಗಿದೆ, ಕೈಹಿಂಭಾಗ ಇಟ್ಟರೆ ಇನ್ನೊಂದಕ್ಕಿಂತ ಬಿಸಿ ಇದೆ, ನೋವು ಅಷ್ಟಕ್ಕಷ್ಟೇ. ಉಳುಕೆಂದು ತಿಕ್ಕಿಸುತ್ತಾರೆ. ಇದು ಒಳಗಿನ ಎಲುಬುಗಳು ಮುರಿದು ಕುಸಿಯುತ್ತಿರುವ ಶಾರ್ಕೊ ಪಾದ ಇರಬಹುದು. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಏನೂ ಕಾಣದೆಯೂ ಇರಬಹುದು. "ಎಕ್ಸ್‌ರೇ ನಾರ್ಮಲ್ ಅದ, ಅಡ್ಡಾಡ್ರಿ" ಎಂದು ಯಾರು ಹೇಳಿದರೂ ಆ ಕಾಲನ್ನು ನೆಲಕ್ಕೆ ಊರಬೇಡಿ. ಎಲುಬಿನ ಡಾಕ್ಟರಿಗೆ "ನನಗೆ ಶುಗರ್ ಅದ, ಪಾದಕ್ಕೆ ಸ್ಪರ್ಶ ಇಲ್ಲ" ಎಂದು ಮೊದಲ ಮಾತಿಗೇ ಹೇಳಿ, ಪಾದಕ್ಕೆ ಪೂರ್ತಿ ಹೊಂದುವ ಪ್ಲಾಸ್ಟರ್ ಕಟ್ಟು ಹಾಕುವ ವಿಷಯ ಕೇಳಿ. ಎರಡೂ ಪಾದದ ಬಿಸಿ ಸಮವಾಗುವವರೆಗೆ, ಎಂದರೆ ಹೆಚ್ಚಾಗಿ ಮೂರು ತಿಂಗಳು ಅಥವಾ ಅದಕ್ಕೂ ಮೇಲೆ, ಡಾಕ್ಟರು ಬಿಚ್ಚಿ ನೋಡಿ ಹೊಸದು ಹಾಕುವುದನ್ನು ಬಿಟ್ಟರೆ ಅದನ್ನು ತೆಗೆಸಿಬಿಡಬೇಡಿ.